ಪೊರೆಗೆ ಅಂಟಿದ ಮಾತ್ರೆ

ಮನೆಯಿಂದ,
ಹದಿನೇಳನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡವೆಂದು ಭಾವನ ಕೈಯಲ್ಲಿ ಹೇಳಿಸಿದ್ದೆ, ನೀನು ಕೇಳುವವಳೇ? ಮಗಳ ಮನೆಯಲ್ಲಿ ಹಸುಗೂಸಿದೆ ಎಂದ ಮೇಲೆ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುತ್ತೀಯೆ, ನನಗೆ ಗೊತ್ತು.

ನನ್ನವಳು ತೀರಿಕೊಂಡು ಐದು ತಿಂಗಳಾಯಿತು. ನೀನೇ ಕರೆದುಕೊಂಡು ಹೋಗಿ ತೋರಿಸಿದೆಯಲ್ಲ, ಆ ಡಾಕ್ಟರಮ್ಮ ಮನಸ್ಸಿನ ದುಃಖಕ್ಕೆಂದು ಕೊಟ್ಟ ಮಾತ್ರೆಯನ್ನು ನುಂಗಬೇಕೋ ಬಿಡಬೇಕೋ ತಿಳಿಯದೆ ತಲೆ ಕೆಟ್ಟಿದೆ. ಕಳೆದ ತಿಂಗಳು ಹೋದಾಗ, "ಇಷ್ಟು ಚಿಕ್ಕ ಮಾತ್ರೆ ತಲೆಯೊಳಗೆ ಹೋಗಿ ಮಾಡೋದಾದ್ರೂ ಏನು?" ಎಂದು ಕೇಳಿದೆ. ಚೀಟಿಯ ಹಿಂದೆ ಒಂದು ಸೊನ್ನೆ ಬರೆದು ತೋರಿಸಿದರು. ಮಿದುಳಿನ ಒಂದೊಂದು ನರಕೋಶಕ್ಕೂ ಎಣ್ಣೆಪದರದಂಥ ತೆಳ್ಳನೆಯ ಪೊರೆ ಇರುತ್ತದಂತೆ. ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳು. ಔಷಧ ಹೋಗಿ ಆ ಬಾಗಿಲಿಗೆ ಅಂಟಿಕೊಂಡು ಕೂತರೆ, ಒಂದು ಕೋಶ ಇನ್ನೊಂದಕ್ಕೆ ಕಳಿಸಿದ ಸುದ್ದಿ ಹೊರಗೆ ಹೆಚ್ಚು ಹೊತ್ತು ನಿಲ್ಲುತ್ತದಂತೆ. "ಹಾಗಾದ್ರೆ ನೂಲು ಬಣ್ಣ ಹಿಡ್ಕೊಳ್ಳೋ ಥರ ಅನ್ನಿ" ಎಂದೆ. "ಹೆಚ್ಚುಕಮ್ಮಿ ಹಾಗೇ ಅಂದ್ಕೊಳ್ಳಿ ಯಜಮಾನ್ರೇ, ಆದ್ರೆ ನಿಧಾನ, ವಾರಗಟ್ಟಲೆ ಬೇಕು" ಎಂದರು. "ದುಃಖ ಇರೋದು ಪೊರೆಯಲ್ಲೋ, ಒಳಗೋ?" ಎಂದು ಕೇಳಿದ್ದಕ್ಕೆ ಪೆನ್ನು ಕೆಳಗಿಟ್ಟು, "ಅದು ನನಗೂ ಗೊತ್ತಿಲ್ಲ" ಎಂದುಬಿಟ್ಟರು. ಡಾಕ್ಟರಿಗೇ ಗೊತ್ತಿಲ್ಲದ್ದು ಏಳನೇ ಕ್ಲಾಸು ಓದಿದವನಿಗೆ ಹೇಗೆ ತಿಳಿಯಬೇಕು, ಹೇಳು.

ಆಮೇಲೆ ಒಂದು ದಿನ ನೂಲಿಗೆ ಬಣ್ಣ ಹಾಕುವ ನಮ್ಮ ಶೆಡ್ಡಿನಲ್ಲಿ ನಮ್ಮ ಮೇಸ್ತ್ರಿ ಕಾಲು ಜಾರಿ, ತಣ್ಣಗಾದ ಕೆಂಪು ಬಣ್ಣದ ಹಂಡೆಯೊಳಗೆ ಭುಜದವರೆಗೆ ಕೈ ಅದ್ದಿಕೊಂಡ. "ಏನ್ ಮೇಸ್ತ್ರಿ, ನಿಮಗೂ ಕೆಂಪು ಹಾಕೋಕೆ ಆರ್ಡರ್ ಬಂತಾ?" ಎಂದ ಪಕ್ಕದ ಹಂಡೆಯಲ್ಲಿ ಕೆಲಸ ಮಾಡುವ ಗಿಡ್ಡ. ಎಲ್ಲರೂ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕಾದ ಮೇಲೆ ಹೊಳೆಯಿತು: ಬೆಳಗಿನಿಂದ ಅವಳನ್ನು ಒಂದು ಸಲವೂ ನೆನೆದಿಲ್ಲ! ಹೇಳು ಅಕ್ಕಾ, ನಕ್ಕಿದ್ದು ನಾನೋ, ಮಾತ್ರೆಯೋ? ಅವಳನ್ನು ಮರೆಸಿದ್ದು ಯಾರು? ಇಷ್ಟು ವರ್ಷದ ಕಸುಬಿನಲ್ಲಿ ನಾನು ಕಲಿತದ್ದೆಂದರೆ, ಬಣ್ಣ ಹಿಡಿದ ಮೇಲೆ ನೂಲಿನ ಲಡಿಯನ್ನು ಎತ್ತಿಬಿಡಬೇಕು. ಹಂಡೆಯಲ್ಲೇ ಬಿಟ್ಟರೆ ನೂಲು ಕೆಡುತ್ತದೆ. ತಲೆಗೂ ಅದೇ ಕ್ರಮವೋ ಅಲ್ಲವೋ, ಯಾರನ್ನು ಕೇಳಲಿ?

ಕೂಸಿಗೆ ಮಾವಜ್ಜನ ಮುತ್ತು, ಭಾವನಿಗೆ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ

ತಾ.ಕ.: ಅಕ್ಕಾ, ಸುತ್ತಿ ಬಳಸಿ ಬರೆದೆ. ಹಾಗೆ ನಕ್ಕ ದಿನವೇ ಮಾತ್ರೆ ನಿಲ್ಲಿಸಿದೆ, ಹನ್ನೊಂದು ದಿನವಾಯಿತು. ಆಮೇಲಿಂದ ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ನಿನ್ನೆ ನೀಲಿಗೆ ಹೋಗಬೇಕಾದ ಲಡಿಗಳನ್ನೆಲ್ಲ ಕಪ್ಪಿಗೆ ಇಳಿಸಿದೆ. ಮೇಸ್ತ್ರಿ ಬಯ್ಯುವ ಬದಲು ಮನೆಗೆ ಹೋಗಿ ಮಲಗು ಎಂದ, ಅದೇ ಹೆದರಿಕೆ. ಕಾಗದ ಸಿಕ್ಕ ಕೂಡಲೇ ನೀನೇ ಡಾಕ್ಟರಮ್ಮನಿಗೆ ಫೋನ್ ಮಾಡಿ, ಮತ್ತೆ ಶುರು ಮಾಡಬೇಕೋ ಹೇಗೆ ಎಂದು ಕೇಳು. ನಾನು ಮಾಡಿದರೆ "ಯಾಕೆ ನಿಲ್ಲಿಸಿದ್ರಿ?" ಅಂತಾರೆ. ಉತ್ತರ ಕೊಡಬೇಕಾದರೆ ಅವಳ ಹೆಸರು ಹೇಳಬೇಕು. ಇನ್ನೂ ಬಾಯಿಗೆ ಬರುತ್ತಿಲ್ಲ.