ಹಿಲ್ಮಾಳ ಮೊಮ್ಮಗಳು ಬಂದಿದ್ದಾಳೆ

ಅವ್ವಾ,

ಅಕ್ಕ ಹಿಲ್ಮಾಳ ಮೊಮ್ಮಗಳು ಡೋರಿಸ್ ಇವತ್ತು ಅಮೆರಿಕದಿಂದ ಬಂದಳು. ನಮ್ಮ ಸ್ಮೋಲಾಂಡ್ ಸೀಮೆಯ ಚರ್ಚುಗಳ ದಾಖಲೆಗಳಲ್ಲಿ ತನ್ನ ಮನೆತನದ ಬೇರು ಹುಡುಕುತ್ತಾ ನಮ್ಮ ಬಾಗಿಲಿಗೇ ಬಂದುಬಿಟ್ಟಳು. ನಾನು ಹುಟ್ಟುವ ಮೊದಲೇ ಹಡಗು ಹತ್ತಿದ ಅಕ್ಕನ ಮೇಲೆ ನನಗೆ ಈ ವಯಸ್ಸಿನಲ್ಲೂ ಹೊಟ್ಟೆಕಿಚ್ಚು. ಕೊನೆಗಾಲದಲ್ಲಿ ನಿನಗೆ ಗಂಜಿ ಕುಡಿಸಿದವಳು ನಾನು. ನೀನು ಕರೆದದ್ದು ಅವಳನ್ನು.

ಕಾಫಿ ಕುಡಿಯುತ್ತಾ ಡೋರಿಸ್ ಕೇಳಿದಳು, "ಚಿಕ್ಕಜ್ಜಿ, ಮುತ್ತಜ್ಜಿ ನಮ್ಮಜ್ಜೀನ ನೆನೀತಿದ್ರಾ?"

"ಇಲ್ಲಮ್ಮ, ಒಂದಿನಾನೂ ಇಲ್ಲ," ಎಂದುಬಿಟ್ಟೆ.

ಅವಳ ಮುಖ ಬಾಡಿತು. "ನಮ್ಮಜ್ಜಿಗೆ ಸಾಯೋವರೆಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚು. 'ಅವ್ವ ಪೂರ್ತಿ ಸಿಗ್ರಿಡ್‌ಗೇ ಸಿಕ್ಕಿದ್ಲು' ಅಂತಿದ್ರು."

ದಣಿದಿದ್ದ ಹುಡುಗಿಗೆ ನಿನ್ನ ಮಂಚದ ಮೇಲೆ ಹಾಸಿಗೆ ಹಾಸಿಕೊಟ್ಟೆ. ಇನ್ನೂ ನಿದ್ದೆಯಲ್ಲಿದ್ದಾಳೆ. ಎದ್ದ ಕೂಡಲೇ ನಿಜ ಹೇಳುತ್ತೇನೆ.

ಸಿಗ್ರಿಡ್