ತಾಯಿದ್ವೀಪದ ಉತ್ತರದ ಹಳ್ಳಿ

ಓಕಿಮುರ, ಹಹಾಜಿಮಾ
ಶೋವಾ 49 (1974), ಮಾರ್ಚ್ 11

ನನ್ನ ನಮಿಯೆಗೆ,

ನಿನ್ನ ಕೋಪವೆಲ್ಲ ಮೊನ್ನೆಯ ಹಡಗಿನಲ್ಲಿ ಭದ್ರವಾಗಿ ಬಂದು ತಲುಪಿತು. ಹದಿನೈದು ದಿನವೆಂದು ಹೇಳಿ ಹೋದವಳು ಎರಡು ತಿಂಗಳಾದರೂ ಬಂದಿಲ್ಲ, ಅಲ್ಲಿ ಯಾವ ಗಂಟು ಹೂತಿಟ್ಟಿದ್ದೆ ಎಂದು ಕೇಳಿದ್ದೀಯ. ಓದಿ ನಕ್ಕೆ.

ಇಲ್ಲಿ ಚಳಿಯೇ ಇಲ್ಲ ಕಣೆ. ಬೆಳಗ್ಗೆ ಬಾಗಿಲು ಸರಿಸಿದರೆ ಕೊಲ್ಲಿಯಾಚೆ ತಿಮಿಂಗಿಲಗಳು ಉಸಿರು ಬಿಡುತ್ತಿರುತ್ತವೆ. ಮೊದಲು ಬಿಳಿಯ ಹಬೆ ಏಳುತ್ತದೆ, ಅದು ಗಾಳಿಯಲ್ಲಿ ಕರಗಿದ ಮೇಲೆ ಸದ್ದು ನಿಧಾನವಾಗಿ ದಡಕ್ಕೆ ಬರುತ್ತದೆ. ನಾನು ಎಚ್ಚರವಾಗಿದ್ದೇನೋ, ಶಿಮಿಜುವಿನ ನಿನ್ನ ಮನೆಯಲ್ಲಿ ಮಲಗಿ ಕನಸು ಕಾಣುತ್ತಿದ್ದೇನೋ ಎಷ್ಟೋ ಸಲ ತಿಳಿಯುವುದಿಲ್ಲ.

ನೀನು ಚಿಕ್ಕವಳಿದ್ದಾಗ ಈ ದ್ವೀಪಗಳ ಹೆಸರು ಹೇಳಿ ನಿನ್ನನ್ನು ಮಲಗಿಸುತ್ತಿದ್ದೆ. ಉತ್ತರಕ್ಕೆ ಅಪ್ಪದ್ವೀಪ, ಅದರ ಮಗ್ಗುಲಲ್ಲಿ ಅಣ್ಣ, ತಮ್ಮ. ದಕ್ಷಿಣಕ್ಕೆ ನಮ್ಮ ತಾಯಿದ್ವೀಪ ಹಹಾಜಿಮಾ, ಅದರ ಸುತ್ತ ಅಕ್ಕ, ತಂಗಿ. ಮೊನ್ನೆ ಇದನ್ನು ಹೇಳಿದಾಗ ಮಗೊಯಿಚಿಯವರು, "ಅಪ್ಪನಿಗೂ ಅಮ್ಮನಿಗೂ ನಡುವೆ ಐವತ್ತು ಕಿಲೋಮೀಟರ್ ನೀರು. ಅದಕ್ಕೇ ಸಂಸಾರ ಇನ್ನೂ ಮುರಿದಿಲ್ಲ!" ಎಂದರು.

ಮಗೊಯಿಚಿಯವರು ನಮ್ಮ ಉತ್ತರದ ಹಳ್ಳಿಯಲ್ಲಿ ಕಬ್ಬಿನ ಹಾಲು ಕಾಯಿಸುತ್ತಿದ್ದವರು. ಯುದ್ಧದ ವರ್ಷ ಹೆಂಗಸರು ಮಕ್ಕಳನ್ನೆಲ್ಲ ಹಡಗು ಹತ್ತಿಸಿ ಕಳಿಸಿದಾಗ, ಸೇನೆಯವರು ನಿನ್ನ ಅಪ್ಪನ ಜೊತೆ ಅವರನ್ನೂ ಕೂಲಿಗೆ ಉಳಿಸಿಕೊಂಡಿದ್ದರು. ನಿನ್ನ ಅಪ್ಪ ಜ್ವರದಲ್ಲಿ ತೀರಿಕೊಂಡಾಗ ಮಣ್ಣು ಮಾಡಿದವರು ಇವರೇ. ನಮಗೆ ಬಂದ ಅಸ್ಥಿಯ ಪೆಟ್ಟಿಗೆಯಲ್ಲಿ ಹೆಸರು ಬರೆದ ಒಂದು ಚೀಟಿ ಬಿಟ್ಟು ಏನೂ ಇರಲಿಲ್ಲವಲ್ಲ, ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಹಡಗಿನಿಂದ ಇಳಿಯುತ್ತಿದ್ದಂತೆಯೇ ಇವರೇ ಕೂಗಿದರು, "ಯಾರಿದು, ದೆಂಜಿರೊನ ಹೆಂಡ್ತೀನಾ? ಕೂದ್ಲು ಬೆಳ್ಳಗಾದ್ರೂ ಮೂತಿ ಮಾತ್ರ ಅದೇ ಇದೆಯಲ್ಲಮ್ಮ!"

ಉತ್ತರದ ಹಳ್ಳಿಗೆ ದೋಣಿಯಲ್ಲೇ ಹೋಗಬೇಕು. ಅಮೆರಿಕದವರು ದ್ವೀಪ ಹಿಡಿದುಕೊಂಡಿದ್ದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಯಾರೂ ಕಾಲಿಡಲಿಲ್ಲವಂತೆ. ಹಡಗುಕಟ್ಟೆಯ ಕಲ್ಲುಗಳಿವೆ. ಶಾಲೆಯ ಮೆಟ್ಟಿಲುಗಳು ಹತ್ತಿ ಹೋಗುತ್ತವೆ, ಮೇಲೆ ಶಾಲೆಯಿಲ್ಲ, ಬರೀ ಹಸಿರು. ನಮ್ಮ ಮನೆಯಿದ್ದ ಜಾಗದಲ್ಲಿ ನಿಂತೆ. ಕೇದಗೆಯ ಬೇರುಗಳ ನಡುವೆ ನೀಲಿ ಬಟ್ಟಲಿನ ಚೂರೊಂದು ಸಿಕ್ಕಿತು. ಅದು ನಮ್ಮದೋ ನೆರೆಯವರದೋ ಗುರುತು ಹತ್ತಲಿಲ್ಲ.

ನಿನ್ನ ಅಪ್ಪನನ್ನು ಮಣ್ಣು ಮಾಡಿದ ಜಾಗ ಹುಡುಕುತ್ತಾ ಹನ್ನೊಂದು ದಿನ ಕಾಡು ಕಡಿದೆವು. ಸುರಹೊನ್ನೆ ಸಾಲಿನ ಕೊನೆಯ ಮರದ ಬುಡ ಎಂದು ಮಗೊಯಿಚಿಯವರಿಗೆ ನೆನಪು, ಆದರೆ ಈಗ ಸಾಲೂ ಇಲ್ಲ, ಕೊನೆಯೂ ಇಲ್ಲ. ದಿನಕ್ಕೊಂದು ಮರ ತೋರಿಸುತ್ತಿದ್ದರು. ರೇಗಿ ಹೇಳಿಬಿಟ್ಟೆ, ನಿಮಗಿಂತ ಆಮೆ ವಾಸಿ, ಮೊಟ್ಟೆಯಿಡುವ ಮರಳಿಗೆ ಸರಿಯಾಗಿ ವಾಪಸು ಬರುತ್ತದೆ ಎಂದು. "ಆಮೆಗೇನಮ್ಮ, ಕತ್ತಿ ಹಿಡ್ಕೊಂಡು ಕಾಡು ಕಡೀಬೇಕಾ? ಪಕ್ಕದಲ್ಲಿ ನಿಂತು ಬೈಯೋರಿದಾರಾ?" ಎಂದರು.

ಹನ್ನೆರಡನೆಯ ದಿನ ಕತ್ತಿ ಕಬ್ಬಿಣಕ್ಕೆ ತಗುಲಿ ಠಣ್ಣೆಂದಿತು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ, ಬೋರಲಾಗಿ. ತುಕ್ಕು ತಿಂದ ತೂತುಗಳಿಂದ ಜರೀಗಿಡ ಎದ್ದಿತ್ತು. "ಕಲ್ಲು ಹೊತ್ತು ತರೋಕೆ ಕೈಯಲ್ಲಿ ಶಕ್ತಿ ಇರ್ಲಿಲ್ಲ. ಮಳೆ ಬೀಳ್ತಿತ್ತು. ಇದನ್ನೇ ಉರುಳಿಸ್ಕೊಂಡು ಬಂದು ಮುಚ್ಚಿದೆ," ಎಂದು ಹೇಳಿ ಅವರು ಆಚೆ ತಿರುಗಿ ನಿಂತರು.

ನಮಿಯೆ, ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಹಡಗು ಹೊರಟಾಗ ಅಪ್ಪ ಕೈಬೀಸಿದರು, ನಾನೂ ನಿನ್ನನ್ನು ಎತ್ತಿ ಹಿಡಿದು ಕೈಬೀಸಿದೆ ಎಂದು ನಿನಗೆ ಹೇಳುತ್ತಾ ಬಂದಿದ್ದೇನೆ. ಅದು ಸುಳ್ಳು. ಹಿಂದಿನ ದಿನ ನಮಗೆ ಜಗಳವಾಗಿತ್ತು. ಸಾಮಾನಿನ ನಡುವೆ ಅಡಗಿಕೊಂಡು ಬಂದುಬಿಡಿ ಎಂದು ಕಾಲು ಹಿಡಿದಿದ್ದೆ, ಅವರು ಒಪ್ಪಲಿಲ್ಲ. ಆ ಸಿಟ್ಟಿನಲ್ಲಿ ದಡಕ್ಕೆ ಬೆನ್ನು ಹಾಕಿ ಕುಳಿತೆ. ದ್ವೀಪ ಮರೆಯಾಗುವವರೆಗೂ ತಿರುಗಲಿಲ್ಲ. ಮೂವತ್ತು ವರ್ಷದಿಂದ ಕಣ್ಣು ಮುಚ್ಚಿದರೆ ಆ ಕಟ್ಟೆ ಕಾಣುತ್ತದೆ, ಅದರ ಮೇಲೆ ನಿಂತವರ ಮುಖ ಮಾತ್ರ ಕಾಣುವುದಿಲ್ಲ.

ಕೊಪ್ಪರಿಗೆಯ ಮುಂದೆ ಕುಳಿತು ಇದನ್ನು ಹೇಳಿದೆ. ಮಗೊಯಿಚಿಯವರಿಗೆ ಎಲ್ಲ ಗೊತ್ತಿತ್ತು. ಅವತ್ತು ಕಟ್ಟೆಯ ಮೇಲೆ ಅಪ್ಪನ ಪಕ್ಕದಲ್ಲೇ ಇದ್ದರಂತೆ. ಹಡಗಿನ ಹೊಗೆಯೂ ಕಾಣದಂತಾದ ಮೇಲೆ ನಿನ್ನ ಅಪ್ಪ ನಕ್ಕು, "ತಿರುಗಿದ್ರೆ ಅತ್ತುಬಿಡ್ತಾಳೆ, ಅತ್ರೆ ಮಗು ಹೆದರುತ್ತೆ, ಅದಕ್ಕೇ ನೋಡ್ಲಿಲ್ಲ. ನನ್ನ ಹೆಂಡ್ತಿ ನಂಗೊತ್ತಿಲ್ವಾ?" ಎಂದರಂತೆ. ಅದು ನಿಜವಲ್ಲ, ನಾನು ಅಷ್ಟು ಒಳ್ಳೆಯವಳಾಗಿರಲಿಲ್ಲ. ಆದರೂ ಅವರು ಹಾಗೆಂದುಕೊಂಡೇ ಮನೆಗೆ ನಡೆದರಲ್ಲ. ಅಲ್ಲಿ ಕುಳಿತು ಎಷ್ಟು ಅತ್ತೆನೆಂದರೆ ದೋಣಿಯವನು ಎರಡು ಸಲ ಬಂದು ನೋಡಿಹೋದ.

ಅಪ್ಪನ ಜಾಗದ ಒಂದು ಹಿಡಿ ಮಣ್ಣು ಕಳಿಸುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಆ ಚೀಟಿಯ ಪಕ್ಕ ಇಡು. ನನ್ನ ಚಳಿಗಾಲದ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡು. ಹೀಗೇಕೆ ಹೇಳುತ್ತಾಳೆ ಎಂದು ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ.

ನಿನಗೆ ಎಂದೂ ಬೆನ್ನು ಹಾಕದ
ಅಮ್ಮ, ಸುಎನೊ

ಮರೆತಿದ್ದೆ: ಮುಂದಿನ ಪತ್ರವನ್ನು ಮಗೊಯಿಚಿಯವರ ಮನೆಯ ವಿಳಾಸಕ್ಕೇ ಬರೆ. ಮರೆತಿದ್ದೆ ಎಂಬುದೂ ಸುಳ್ಳು. ಈ ಸಾಲು ಬರೆಯಲು ಮೂರು ದಿನ ಬೇಕಾಯಿತು. ಅವರ ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾಯಿತು. ನನ್ನನ್ನು ಕೇಳುವ ಮೊದಲು ಅವರು ನಿನ್ನ ಅಪ್ಪನ ಮುಂದೆ ಮಂಡಿಯೂರಿ ಕೇಳಿದರು. ಅಪ್ಪ ಏನೂ ಹೇಳಲಿಲ್ಲವಾದ್ದರಿಂದ, ನಾನೇ ಹೂಂ ಎಂದೆ.