ಬಾತುಕೋಳಿಗಳನ್ನು ಅಣ್ಣ ಮರಳಿ ಒಯ್ದ

ವೈನಿ,

ನಮಸ್ಕಾರ ಎಂದು ಬರೆದು ಅಳಿಸಿದೆ. ನೀವು ಬದುಕಿದ್ದಾಗ, ಅಣ್ಣನ ಹೆಂಡತಿ ಎಂದು ನಿಮಗೆ ಒಮ್ಮೆಯೂ ನಮಸ್ಕಾರ ಹೇಳಿದವಳಲ್ಲ ನಾನು. ಬಾಗಿಲಲ್ಲೇ "ಚಹಾ ಇಡ್ರಿ" ಅನ್ನುತ್ತಿದ್ದೆ. ಒಂದು ಸುದ್ದಿ ಹೇಳಬೇಕು. ಸಂತೋಷದ್ದೋ ಅಲ್ಲವೋ, ನನಗೇ ತಿಳಿಯುತ್ತಿಲ್ಲ.

ಗೋಕುಲ ರಸ್ತೆಯ ನಿಮ್ಮ ಮನೆಯ ಹಿತ್ತಲಿಗೆ ಆ ನಾಲ್ಕು ಗಿಡ್ಡ ಬಾತುಕೋಳಿಗಳನ್ನು ನೀವು ತಂದ ದಿನ ನೆನಪಿದೆಯಾ? "ಇವು ಕೋಳಿ ಹಂಗ ಪಲ್ಯೆದ ಮಡಿ ಕೆದರಂಗಿಲ್ಲ ನೋಡವಾ ಕಸ್ತೂರಿ. ಹುಳಾ ತಿಂತಾವು, ತತ್ತಿ ಕೊಡ್ತಾವು. ಇನ್ನೇನ ಬೇಕು?" ಎಂದಿದ್ದಿರಿ. ಅಣ್ಣ ಪೇಪರಿನಿಂದ ತಲೆ ಎತ್ತದೆ, "ಆ ತತ್ತಿ ನನ್ನ ತಾಟಿನ ಹತ್ರ ತರಬ್ಯಾಡ. ವಾಸನಿ" ಎಂದ. ಅಷ್ಟೂ ವರ್ಷ ನೀವು ತರಲಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ನಿಂತು ತಿಂದೆವು. ನಿಮಗೆ ಬೇಸರವಾಗುತ್ತಿತ್ತೇ? ಒಮ್ಮೆಯಾದರೂ ಕೇಳಬೇಕಿತ್ತು ನಾನು...

ನಿಮ್ಮ ಉತ್ತರಕ್ರಿಯೆ ಮುಗಿದ ಮರುದಿನವೇ ಅಣ್ಣ ಫೋನ್ ಮಾಡಿದ. "ಇವನ್ನ ಒಯ್ದುಬಿಡು. ಮುಂಜಾನಿ ಆಕೀನ್ನ ಹುಡುಕ್ಯಾಡಿ ಒದರ್ತಾವು. ನನಗ ಕೇಳಾಕ ಆಗವಲ್ದು." ವಿದ್ಯಾನಗರದ ನನ್ನ ಮನೆಗೆ ತಂದೆ. ಕಾಳು, ನೀರು, ನೆರಳು, ಎಲ್ಲ ನೀವು ಇಡುತ್ತಿದ್ದಂತೆಯೇ ಇಟ್ಟೆ. ಆದರೂ ಅವು ಮೂಲೆ ಬಿಟ್ಟು ಬರಲಿಲ್ಲ, ಒಂದು ತತ್ತಿಯನ್ನೂ ಇಡಲಿಲ್ಲ. ಜಾಗ ಬದಲಾದರೆ ಹೀಗಾಗುತ್ತದೆ ಎಂದರು ದನದ ಡಾಕ್ಟರು. ನನಗೆ ಮಾತ್ರ, ನನ್ನಲ್ಲೇ ಏನೋ ಕೊರತೆ ಎನಿಸಿತು.

ಕಳೆದ ವಾರ ಅಣ್ಣ ಆಟೋದಲ್ಲಿ ಬುಟ್ಟಿ ಇಟ್ಟುಕೊಂಡು ಬಂದ. "ಒಯ್ತೇನಿ" ಎಂದ.

"ಮತ್ತ ಒದರಿದ್ರ?"

"ಒದರ್ಲಿ. ಮನಿ ಭಾಳ ಸುಮ್ಮನಾಗೇತಿ."

ಹಿಡಿಯಲು ಹೋದರೆ ನನ್ನನ್ನು ಕಂಡು ಬೇಲಿಯತ್ತ ಓಡಿದವು. ಆಗ ಅಣ್ಣ ಚಪ್ಪಲಿ ಬಿಟ್ಟು, ಕುಕ್ಕುರುಗಾಲಲ್ಲಿ ಕೂತು, "ತೀ ತೀ ತೀ, ಬರ್ರೆವ್ವಾ, ಬರ್ರಿ" ಎಂದು ಕರೆದ. ವೈನಿ, ಅದು ನಿಮ್ಮದೇ ರಾಗ. ಕೊನೆಯ 'ಬರ್ರಿ'ಯನ್ನು ನೀವು ಎಳೆಯುತ್ತಿದ್ದಂತೆಯೇ ಎಳೆದ. ನಾಲ್ಕೂ ತಲೆ ಎತ್ತಿದವು. ತೊನೆಯುತ್ತ ಅವನ ಕಾಲ ಬಳಿ ಬಂದವು.

"ಯಾವಾಗ ಕಲ್ತಿ?" ಎಂದೆ.

"ಕಲಿಯೂದೇನು? ದಿನಾ ಕಿವಿಗೆ ಬೀಳ್ತಿತ್ತಲ್ಲ."

ಹಾಗಾದರೆ ಒಳಗೆ ಕೂತು ಅವನು ನಿಮ್ಮನ್ನೇ ಆಲಿಸುತ್ತಿದ್ದನೇ? ಆಲಿಸುತ್ತಿದ್ದವನು ಒಂದು ದಿನ ಹಿತ್ತಲಿಗೆ ಬಂದು ನಿಮ್ಮ ಪಕ್ಕ ನಿಲ್ಲಬಾರದಿತ್ತೇ? ಅವನನ್ನು ಅಪ್ಪಿಕೊಳ್ಳಲೋ, ಬೈಯಲೋ... ಬುಟ್ಟಿಯ ಬಾಯಿ ಕಟ್ಟಿಕೊಟ್ಟೆ, ಅಷ್ಟೇ.

ನಿನ್ನೆ ಫೋನ್ ಬಂತು. "ಒಂದು ತತ್ತಿ ಇಟ್ಟಾವು" ಎಂದ. ಆಮೇಲೆ, "ಆಕಿ ಇದನ್ನ ಹೆಂಗ ಮಾಡ್ತಿದ್ಲು?" ಎಂದು ಕೇಳಿದ.

ಉಳ್ಳಾಗಡ್ಡಿ ಹುರಿದು, ಹಸಿಮೆಣಸಿನಕಾಯಿ ಹಾಕಿ, ಎಂದು ಹೇಳಲು ಹೋಗಿ ಅರ್ಧಕ್ಕೇ ಬಿಟ್ಟೆ. "ಭಾನುವಾರ ನಾನೇ ಬರ್ತೇನಿ" ಎಂದಷ್ಟೇ ಅಂದೆ.

ಹೋಗುತ್ತೇನೆ, ವೈನಿ. ನೀವು ಮಾಡುತ್ತಿದ್ದ ಹಾಗೆಯೇ ಮಾಡಿ ಅವನಿಗೆ ಬಡಿಸುತ್ತೇನೆ. ಅವನು ಮೊದಲ ತುತ್ತು ಬಾಯಿಗಿಡುವಾಗ ಎದುರಿಗೆ ಕೂರಬೇಕೋ, ಒಳಗೆ ಹೋಗಿಬಿಡಬೇಕೋ, ಅದು ಇನ್ನೂ ತಿಳಿದಿಲ್ಲ.

ನಿಮ್ಮ ಕಸ್ತೂರಿ